ವಿಶ್ವಕಪ್ ಗೆದ್ದ ನೆನಪೇ ಇಲ್ಲದ ಆಟಗಾರ: ಸ್ಟೀವ್ ಥಾಂಪ್ಸನ್ ಪ್ರಕರಣ ಮತ್ತು ನಮ್ಮ ಕಬಡ್ಡಿ ಅಂಗಳ

2003ರ ನವೆಂಬರ್ 22, ಸಿಡ್ನಿ. ರಗ್ಬಿ ವಿಶ್ವಕಪ್ಪಿನ ಫೈನಲ್. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ 17–17ರಲ್ಲಿ ಸಮಬಲ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಿತ್ತು. ಆಗ ಇಂಗ್ಲೆಂಡಿಗೆ ಲೈನ್‌ಔಟ್ ಸಿಕ್ಕಿತು. ಅಂದರೆ ಗೆರೆ ದಾಟಿ ಹೊರಗೆ ಹೋದ ಚೆಂಡನ್ನು ಒಳಗೆ ಎಸೆಯುವ ಸರದಿ. ಎರಡೂ ತಂಡದವರು ಪಕ್ಕಪಕ್ಕದಲ್ಲಿ ಎರಡು ಸಾಲಾಗಿ ನಿಲ್ಲುತ್ತಾರೆ. ಹುಕರ್ ಅನ್ನುವ ಜಾಗದ ಆಟಗಾರ ಆ ಸಾಲುಗಳ ನಡುವೆ ಚೆಂಡನ್ನು ನೆಟ್ಟಗೆ ಎಸೆಯಬೇಕು. ಮುಂದೆ ನಿಂತವನಿಗೆ ಎಸೆಯುವುದು ಸುಲಭ. ತುದಿಯಲ್ಲಿ ನಿಂತವನಿಗೆ ಎಸೆಯುವುದು ಕಷ್ಟ. ಮಳೆ ಬಿದ್ದು ಚೆಂಡು ಬೇರೆ ಜಾರುತ್ತಿತ್ತು. ಆದರೂ ಹುಕರ್ ಸ್ಟೀವ್ ಥಾಂಪ್ಸನ್ ತುದಿಯಲ್ಲಿದ್ದ ಲೂಯಿಸ್ ಮೂಡಿಗೇ ಎಸೆದರು. ಚೆಂಡು ಸರಿಯಾಗಿ ಕೈಗೆ ಸಿಕ್ಕಿತು. ಮ್ಯಾಟ್ ಡಾಸನ್ ಮುನ್ನುಗ್ಗಿದರು. ಕೊನೆಗೆ ಎಡಗಾಲಿನ ಆಟಗಾರ ಜಾನಿ ವಿಲ್ಕಿನ್ಸನ್ ಬಲಗಾಲಿನಲ್ಲಿ ಡ್ರಾಪ್ ಗೋಲ್ ಹೊಡೆದರು, ಅಂದರೆ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದಾಗ ಗೋಲಿನ ಕಂಬಗಳ ನಡುವೆ ಒದ್ದರು. 20–17. ಆಟ ಮುಗಿಯಲು ಅರ್ಧ ನಿಮಿಷವೂ ಉಳಿದಿರಲಿಲ್ಲ. ಇಂಗ್ಲೆಂಡ್ ಗಂಡಸರ ತಂಡ ಗೆದ್ದ ಏಕೈಕ ರಗ್ಬಿ ವಿಶ್ವಕಪ್ ಅದು.

2020ರ ಡಿಸೆಂಬರಿನಲ್ಲಿ ಥಾಂಪ್ಸನ್ ಒಂದು ವಿಷಯವನ್ನು ಜಗತ್ತಿಗೆ ಹೇಳಿದರು. ಆ ಫೈನಲ್ ಆಡಿದ್ದು ಅವರಿಗೆ ನೆನಪಿಲ್ಲ. ಎಸೆದ ಚೆಂಡು ನೆನಪಿಲ್ಲ, ಗೆದ್ದದ್ದೂ ನೆನಪಿಲ್ಲ. ಹಳೆಯ ವಿಡಿಯೊ ನೋಡಿದರೆ ಬೇರೆ ಯಾರೋ ಆಡುತ್ತಿರುವ ಹಾಗೆ ಕಾಣುತ್ತದೆ. ಕೆಲವೊಮ್ಮೆ ಹೆಂಡತಿಯ ಹೆಸರೇ ಬಾಯಿಗೆ ಬರುವುದಿಲ್ಲ. ಆಗ ಅವರ ವಯಸ್ಸು 42. ವೈದ್ಯರು ಹೇಳಿದ್ದು, ಚಿಕ್ಕ ವಯಸ್ಸಿನಲ್ಲೇ ಬಂದ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಅದರ ಹಿಂದೆ ಸಿಟಿಇ ಎಂಬ ಮಿದುಳಿನ ಹಾನಿ ಇರುವ ಸಾಧ್ಯತೆ ಇದೆ ಎಂದೂ ಹೇಳಿದರು. ತಲೆಗೆ ವರ್ಷಗಟ್ಟಲೆ ಪೆಟ್ಟು ಬಿದ್ದವರಲ್ಲಿ ಕಾಣುವ ಹಾನಿ ಅದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ರಗ್ಬಿ ನೋಡಿದವರೇ ಕಡಿಮೆ. ಹಾಗಿದ್ದೂ ನಾನು ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರದವರೆಗೆ ಕಬಡ್ಡಿ ಆಡಿಸುವವರಿಗಾಗಿ. ನಾನೊಬ್ಬ ದೈಹಿಕ ಶಿಕ್ಷಕ. ಶಾಲೆಯ ಅಂಗಳದಲ್ಲೂ ರಾತ್ರಿಯ ಪಂದ್ಯಾವಳಿಗಳಲ್ಲೂ ಕಬಡ್ಡಿಯ ಜೊತೆಗೇ ಇದ್ದೇನೆ. ಮೊಣಕಾಲು ತಿರುಚಿದರೆ, ಭುಜ ಇಳಿದರೆ ನಮ್ಮಲ್ಲಿ ಎಲ್ಲರೂ ಓಡಿ ಬರುತ್ತಾರೆ. ತಲೆಗೆ ಪೆಟ್ಟಾಗಿ ರಕ್ತ ಬರದಿದ್ದರೆ ಅದನ್ನು ಪೆಟ್ಟು ಅಂತಲೇ ಯಾರೂ ಲೆಕ್ಕ ಹಾಕುವುದಿಲ್ಲ.

ಆಟದ ಬದುಕು

ಥಾಂಪ್ಸನ್ ಹುಟ್ಟಿದ್ದು 1978ರಲ್ಲಿ, ಲಂಡನ್ನಿನ ವಾಯವ್ಯಕ್ಕಿರುವ ಹೆಮೆಲ್ ಹೆಂಪ್‌ಸ್ಟೆಡ್ ಪಟ್ಟಣದಲ್ಲಿ. ನಾರ್ಥಾಂಪ್ಟನ್ ಸೇಂಟ್ಸ್ ಕ್ಲಬ್ಬಿನಲ್ಲಿ ಬೆಳೆದರು. ಮೊದಲು ಆಡುತ್ತಿದ್ದದ್ದು ಫ್ಲ್ಯಾಂಕರ್ ಆಗಿ, ಅಂದರೆ ಓಡಿ ಬಂದು ಎದುರಾಳಿಯನ್ನು ಕೆಡವುವ ಜಾಗದಲ್ಲಿ. ಆಮೇಲೆ ಹುಕರ್ ಆದರು. ಭಾರೀ ಮೈಕಟ್ಟಿನ ಆಳು, ಆದರೆ ಓಟದಲ್ಲಿ ಹಗುರ. ಅಂಥ ಹುಕರ್ ಆ ಕಾಲಕ್ಕೆ ಅಪರೂಪ.

2002ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಮೊದಲ ಅಂತರರಾಷ್ಟ್ರೀಯ ಪಂದ್ಯ. ಈ ಎರಡು ದೇಶ ಆಡುವ ಟ್ರೋಫಿಯ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದಲ್ಲಿದ್ದ ಬ್ರಿಟಿಷರ ಒಂದು ಕ್ಲಬ್ ಮುಚ್ಚಿಹೋದಾಗ, ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿ ಕರಗಿಸಿ ಮಾಡಿಸಿದ ಬಟ್ಟಲು ಅದು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಅದಕ್ಕಾಗಿ ಆಡುತ್ತಿದ್ದಾರೆ. ನಮ್ಮ ರೂಪಾಯಿಯ ಬೆಳ್ಳಿಗಾಗಿ ಆಡುವ ಪಂದ್ಯದಲ್ಲಿ ಅವರ ಅಂತರರಾಷ್ಟ್ರೀಯ ಬದುಕು ಶುರುವಾಯಿತು ಅನ್ನುವುದು ಓದಿದಾಗ ನನಗೆ ಈ ಆಟ ಸ್ವಲ್ಪ ಹತ್ತಿರದ್ದು ಅನ್ನಿಸಿತು.

ಮುಂದಿನದ್ದು ಬೇಗ ಹೇಳಬಹುದು. 2003ರಲ್ಲಿ ಗ್ರ್ಯಾಂಡ್ ಸ್ಲ್ಯಾಮ್ (ಯುರೋಪಿನ ಆರು ದೇಶಗಳ ಟೂರ್ನಿಯಲ್ಲಿ ಎಲ್ಲ ಪಂದ್ಯ ಗೆಲ್ಲುವುದು), ಅದೇ ವರ್ಷ ವಿಶ್ವಕಪ್, 2005ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಜಂಟಿ ತಂಡವಾದ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್‌ನಲ್ಲಿ ಜಾಗ. ಒಟ್ಟು 73 ಸಲ ಇಂಗ್ಲೆಂಡಿನ ಅಂಗಿ ತೊಟ್ಟರು.

ನಿಂತು ನೋಡಬೇಕಾದದ್ದು 2007. ಆ ವರ್ಷ ಕುತ್ತಿಗೆಯ ಗಾಯದಿಂದ ಅವರು ನಿವೃತ್ತಿ ಹೇಳಿದರು. ವಯಸ್ಸು ಇನ್ನೂ 30 ಆಗಿರಲಿಲ್ಲ. ಫ್ರಾನ್ಸಿನ ಬ್ರೀವ್ ಕ್ಲಬ್ಬಿನಲ್ಲಿ ಕೋಚಿಂಗ್ ಕೆಲಸ ಸಿಕ್ಕಿತು. ಮೈದಾನದ ಅಂಚಿನಲ್ಲಿ ನಿಂತು ನೋಡುತ್ತ ಇರಲಾಗಲಿಲ್ಲ. ಮತ್ತೆ ವೈದ್ಯರಿಗೆ ತೋರಿಸಿ, ಗಾಯಕ್ಕೆಂದು ಬಂದಿದ್ದ ವಿಮೆಯ ಹಣವನ್ನು ಹಿಂದಿರುಗಿಸಿ, ಮತ್ತೆ ಆಟಕ್ಕೆ ಇಳಿದರು. 2009ರಲ್ಲಿ ಇಂಗ್ಲೆಂಡ್ ತಂಡಕ್ಕೂ ವಾಪಸಾದರು. 2011ರ ವಿಶ್ವಕಪ್ಪನ್ನೂ ಆಡಿದರು. ಆ ವರ್ಷದ ಕೊನೆಗೆ ಕುತ್ತಿಗೆ ಮತ್ತೆ ಕೈಕೊಟ್ಟಿತು. ಅಲ್ಲಿಗೆ ಆಟ ಮುಗಿಯಿತು.

ಆಡಬೇಡ ಅಂದಾಗಲೂ, ಕೈಯಲ್ಲಿದ್ದ ಹಣ ಬಿಟ್ಟುಕೊಟ್ಟಾದರೂ ಆಡಲು ಬಂದವರು ಅವರು. ಒಳ್ಳೆಯ ಆಟಗಾರರು ಎಲ್ಲ ಕಡೆ ಹೀಗೇ ಇರುತ್ತಾರೆ ಅಲ್ವಾ? ಈ ಬರಹದಲ್ಲಿ ನಾನು ಹೇಳಬೇಕಾದ ಮಾತೂ ಇಲ್ಲಿಂದಲೇ ಹುಟ್ಟುತ್ತದೆ. ತಲೆಗೆ ಪೆಟ್ಟಾದವನು ಆಡಬೇಕೋ ಬೇಡವೋ ಅನ್ನುವ ತೀರ್ಮಾನ ಆಟಗಾರನ ಕೈಯಲ್ಲಿ ಇರಬಾರದು. ಅವನು ಯಾವತ್ತೂ ಆಡ್ತೇನೆ ಅಂತಲೇ ಹೇಳುತ್ತಾನೆ.

ಪೆಟ್ಟು ಎಲ್ಲಿಂದ ಬಂತು

ರಗ್ಬಿಯಲ್ಲಿ ಸ್ಕ್ರಮ್ ಅಂತ ಒಂದಿದೆ. ಎರಡೂ ಕಡೆಯಿಂದ ಎಂಟೆಂಟು ಜನ ಹೆಗಲಿಗೆ ಹೆಗಲು ಕೊಟ್ಟು, ಬಗ್ಗಿ, ಎದುರಿನವರಿಗೆ ಗುದ್ದಿ ತಳ್ಳುವ ಕ್ರಮ. ಮೊದಲ ಸಾಲಿನಲ್ಲಿ ಮೂರು ಜನ. ನಡುವಿನವನು ಹುಕರ್. ಅವನ ಎರಡೂ ತೋಳು ಪಕ್ಕದವರ ಮೇಲಿರುತ್ತವೆ. ಗುದ್ದಿನ ಹೊತ್ತಿಗೆ ತಲೆಯನ್ನೋ ಕುತ್ತಿಗೆಯನ್ನೋ ಕಾಪಾಡಿಕೊಳ್ಳಲು ಕೈ ಖಾಲಿ ಇರುವುದಿಲ್ಲ. ದೊಡ್ಡ ತಂಡಗಳ ಸ್ಕ್ರಮ್‌ನಲ್ಲಿ ಮುಂದಿನ ಸಾಲಿನ ಮೇಲೆ ಬೀಳುವ ಬಲ ಒಂದು ಟನ್ ಭಾರಕ್ಕಿಂತ ಜಾಸ್ತಿ.

ಇದು ಪಂದ್ಯದಲ್ಲಿ ಮಾತ್ರ ಆಗಿದ್ದರೆ ಲೆಕ್ಕ ಬೇರೆ ಇರುತ್ತಿತ್ತು. 1995ರ ಆಗಸ್ಟ್‌ವರೆಗೆ ರಗ್ಬಿ ಯೂನಿಯನ್‌ನಲ್ಲಿ (ಥಾಂಪ್ಸನ್ ಆಡಿದ ಬಗೆಯ ರಗ್ಬಿಯ ಹೆಸರು ಅದು) ಆಟಗಾರರಿಗೆ ಸಂಬಳ ಕೊಡುವಂತಿರಲಿಲ್ಲ. ವಾರವಿಡೀ ಬೇರೆ ಕೆಲಸ, ಸಂಜೆ ಅಭ್ಯಾಸ, ಶನಿವಾರ ಪಂದ್ಯ. 1995ರಲ್ಲಿ ಆಟ ವೃತ್ತಿಪರವಾಯಿತು. ಥಾಂಪ್ಸನ್ ಅವರದ್ದು ಶುರುವಿನಿಂದಲೇ ಸಂಬಳಕ್ಕೆ ಆಡಿದ ಮೊದಲ ತಲೆಮಾರು. ಮೈ ದೊಡ್ಡದಾಯಿತು, ಓಟದ ವೇಗ ಹೆಚ್ಚಿತು, ಅಭ್ಯಾಸ ದಿನವೂ ಬಂತು. ಸ್ಕ್ರಮ್ ಯಂತ್ರಕ್ಕೆ ಗುದ್ದುವುದು, ಸಹ ಆಟಗಾರರಿಗೇ ಗುದ್ದುವುದು, ಮತ್ತೆ ಮತ್ತೆ. ಆ ಅಭ್ಯಾಸದಲ್ಲಿ ಕಣ್ಣ ಮುಂದೆ ಬಿಳಿ ಚುಕ್ಕೆ ಬರುವುದು, ಕೆಲವು ಕ್ಷಣ ತಾನೆಲ್ಲಿದ್ದೇನೆ ಅಂತ ತಿಳಿಯದಿರುವುದು, ಒಮ್ಮೊಮ್ಮೆ ಪೂರ್ತಿ ಎಚ್ಚರ ತಪ್ಪುವುದು ಮಾಮೂಲಿಯಾಗಿತ್ತು ಅಂತ ಥಾಂಪ್ಸನ್ ಹೇಳಿದ್ದಾರೆ. ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ. ಅವರಿಗೂ ಅನ್ನಿಸಿರಲಿಲ್ಲ.

ಇಲ್ಲೊಂದು ವಿಷಯವನ್ನು ನಮ್ಮ ಕೋಚ್‌ಗಳು ತಿಳಿದಿರಬೇಕು. ಎಚ್ಚರ ತಪ್ಪಿದರೆ ಮಾತ್ರ ಮಿದುಳಿಗೆ ಪೆಟ್ಟು ಅನ್ನುವುದು ತಪ್ಪು. ಕನ್‌ಕಶನ್, ಅಂದರೆ ತಲೆ ಅಲುಗಿ ಮಿದುಳಿಗೆ ಆಗುವ ಪೆಟ್ಟು, ಆದವರಲ್ಲಿ ಹೆಚ್ಚಿನವರು ಎಚ್ಚರವಾಗಿಯೇ ಇರುತ್ತಾರೆ. ಮಿದುಳು ತಲೆಬುರುಡೆಯೊಳಗೆ ಸ್ವಲ್ಪ ಅಲುಗಾಡಬಲ್ಲದು. ತಲೆ ಒಮ್ಮೆಲೇ ನಿಂತಾಗ ಅಥವಾ ತಿರುಗಿದಾಗ ಅದು ಒಳಗೇ ಎಳೆದಾಡಿ ಅದರ ನರದ ಎಳೆಗಳು ಜಗ್ಗುತ್ತವೆ. ತಲೆಗೇ ಪೆಟ್ಟು ಬೀಳಬೇಕೆಂದೂ ಇಲ್ಲ. ಎದೆಗೆ ಗುದ್ದಿ ಕುತ್ತಿಗೆ ಹಿಂದೆ ಬಡಿದರೂ ಸಾಕು. ಸಿಟಿ ಸ್ಕ್ಯಾನ್ ಮಾಡಿಸಿದರೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಸ್ಕ್ಯಾನ್ ನೋಡುವುದು ರಕ್ತಸ್ರಾವ, ಬಿರುಕು ಇದೆಯಾ ಅಂತ. ಸ್ಕ್ಯಾನ್ ನಾರ್ಮಲ್ ಬಂತು ಅಂದರೆ ಆ ದೊಡ್ಡ ಅಪಾಯ ಇಲ್ಲ ಅಂತ ಅರ್ಥ. ಆಡಬಹುದು ಅಂತ ಅರ್ಥವಲ್ಲ.

ಅದಕ್ಕಿಂತಲೂ ಸಣ್ಣ ಪೆಟ್ಟುಗಳ ಕಥೆ ಬೇರೆ. ಏನೂ ಲಕ್ಷಣ ತೋರಿಸದ ಗುದ್ದುಗಳೂ ವರ್ಷಗಟ್ಟಲೆ ಸೇರುತ್ತ ಹೋಗುತ್ತವೆ. ತೀರಿಕೊಂಡ 31 ಮಾಜಿ ರಗ್ಬಿ ಆಟಗಾರರ ಮಿದುಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2023ರಲ್ಲಿ ಬಂತು. 21 ಜನರಲ್ಲಿ ಸಿಟಿಇ ಇತ್ತು. ಆಡಿದ ಪ್ರತಿ ಒಂದು ವರ್ಷಕ್ಕೆ ಅದರ ಸಾಧ್ಯತೆ ಸುಮಾರು 14 ಶೇಕಡಾ ಏರುತ್ತದೆ ಎಂದು ಕಂಡಿತು. ಮಿದುಳು ದಾನ ಮಾಡಿದವರಲ್ಲಿ ಮೊದಲೇ ತೊಂದರೆ ಇದ್ದವರು ಜಾಸ್ತಿ ಇರುತ್ತಾರೆ, ಹಾಗಾಗಿ ಎಲ್ಲ ಆಟಗಾರರಿಗೂ ಈ ಲೆಕ್ಕ ಹೊಂದುವುದಿಲ್ಲ. ಆದರೆ ವರ್ಷ ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆ ಅನ್ನುವುದನ್ನು ತಳ್ಳಿಹಾಕುವಂತಿಲ್ಲ.

ಅದಕ್ಕೂ ಮೊದಲು, 2022ರಲ್ಲಿ, ಗ್ಲಾಸ್ಗೋದ ವೈದ್ಯ ವಿಲ್ಲಿ ಸ್ಟೀವರ್ಟ್ ಅವರ ತಂಡ ಸ್ಕಾಟ್ಲೆಂಡಿನ 412 ಮಾಜಿ ಅಂತರರಾಷ್ಟ್ರೀಯ ರಗ್ಬಿ ಆಟಗಾರರ ದಾಖಲೆ ತೆಗೆದು ನೋಡಿತು. ಅದೇ ವಯಸ್ಸಿನ, ಅದೇ ರೀತಿಯ ಬಡಾವಣೆಗಳ ಸಾಮಾನ್ಯ ಜನರ ಜೊತೆ ಹೋಲಿಸಿತು. ಮಿದುಳು ಸವೆಯುವ ಕಾಯಿಲೆಗಳ ಅಪಾಯ ಆಟಗಾರರಲ್ಲಿ ಸುಮಾರು ಎರಡೂವರೆ ಪಟ್ಟು.

ರೋಗ, ಕೋರ್ಟು, ಮತ್ತು ಖಚಿತವಾಗಿ ಹೇಳಲಾಗದ್ದು

ಸಿಟಿಇ ಇದೆ ಅಂತ ಪೂರ್ತಿ ಖಚಿತವಾಗಿ ಹೇಳಲು ಇವತ್ತಿಗೂ ಆಗುವುದು ಸತ್ತ ಮೇಲೆ, ಮಿದುಳಿನ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ. ಟೌ ಎಂಬ ಪ್ರೋಟೀನ್ ಗಂಟು ಕಟ್ಟಿಕೊಂಡಿರುತ್ತದೆ. ಅದಕ್ಕೇ ಥಾಂಪ್ಸನ್ ಅವರ ವೈದ್ಯರು 'ಸಾಧ್ಯತೆ' ಅನ್ನುವ ಪದ ಬಳಸಿದ್ದು. ತಾನು ತೀರಿಕೊಂಡ ಮೇಲೆ ತನ್ನ ಮಿದುಳನ್ನು ಸಂಶೋಧನೆಗೆ ಕೊಡುವುದಾಗಿ ಅವರು ಹೇಳಿದ್ದಾರೆ. ಮಕ್ಕಳಿರುವ, ಐವತ್ತೂ ಆಗದ ಒಬ್ಬ ಮನುಷ್ಯ ಇಂಥ ತೀರ್ಮಾನ ತೆಗೆದುಕೊಳ್ಳುವುದು ಸಣ್ಣ ಮಾತಲ್ಲ. ನನಗೆ ವಿಶ್ವಕಪ್ಪಿನ ಆ ಎಸೆತಕ್ಕಿಂತ ಇದು ದೊಡ್ಡದು ಅನ್ನಿಸುತ್ತದೆ.

ವೇಲ್ಸ್ ತಂಡದ ಅಲಿಕ್ಸ್ ಪೋಫಮ್ ಸೇರಿದಂತೆ ಇನ್ನೂ ಕೆಲವು ಮಾಜಿ ಆಟಗಾರರ ಜೊತೆ ಸೇರಿ ಥಾಂಪ್ಸನ್ ಕಾನೂನಿನ ಮೊರೆ ಹೋದರು. ವಿಶ್ವ ರಗ್ಬಿ ಸಂಸ್ಥೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ ರಗ್ಬಿ ಸಂಸ್ಥೆಗಳ ಮೇಲೆ ದಾವೆ. ಅಪಾಯ ಗೊತ್ತಿರಬೇಕಾಗಿದ್ದರೂ ಆಟಗಾರರನ್ನು ಸಾಕಷ್ಟು ಕಾಪಾಡಲಿಲ್ಲ ಎನ್ನುವುದು ಅವರ ಆರೋಪ. ಆಟಗಾರರ ಹಿತವೇ ನಮಗೆ ಮೊದಲು, ಹೊಸ ಅರಿವು ಬಂದ ಹಾಗೆ ನಿಯಮ ಬದಲಿಸುತ್ತ ಬಂದಿದ್ದೇವೆ ಎನ್ನುವುದು ಸಂಸ್ಥೆಗಳ ನಿಲುವು. ಆ ವಾದದ ತೀರ್ಮಾನ ಕೋರ್ಟಿನದ್ದು.

ನಿಯಮ ಬದಲಾದದ್ದು ನಿಜ. ಥಾಂಪ್ಸನ್ ಆಟ ನಿಲ್ಲಿಸಿದ ಮರುವರ್ಷ, 2012ರಲ್ಲಿ, ಅನುಮಾನ ಬಂದ ಆಟಗಾರನನ್ನು ಹೊರಗೆ ಕರೆದು ವೈದ್ಯರು ಪರೀಕ್ಷಿಸುವ ಪ್ರಯೋಗ ಶುರುವಾಯಿತು. ಮೊದಲು ಐದು ನಿಮಿಷ, ಆಮೇಲೆ ಹತ್ತು. 2013ರಲ್ಲಿ ಸ್ಕ್ರಮ್‌ನಲ್ಲಿ ದೂರದಿಂದ ಬಂದು ಗುದ್ದುವುದನ್ನು ತಪ್ಪಿಸಿ, ಮೊದಲೇ ಎದುರಿನವನ ಅಂಗಿ ಹಿಡಿದು ಆಮೇಲೆ ತಳ್ಳುವ ಕ್ರಮ ತಂದರು. ಹೊಡೆತದ ಬಲ ಗಣನೀಯವಾಗಿ ಇಳಿಯಿತು. ಅಷ್ಟು ಸುಲಭದ ಬದಲಾವಣೆ. ಆಟದ ಸೊಗಸೇನೂ ಹೋಗಲಿಲ್ಲ.

ಥಾಂಪ್ಸನ್ ರಗ್ಬಿ ನಿಲ್ಲಿಸಿ ಅಂತ ಕೇಳುತ್ತಿಲ್ಲ. ಆದರೆ ಮತ್ತೊಮ್ಮೆ ಅವಕಾಶ ಸಿಕ್ಕರೆ ತಾನು ಆಡುವುದಿಲ್ಲ ಅಂದಿದ್ದಾರೆ.

ನಮ್ಮ ಅಂಗಳ

ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಬಡ್ಡಿ ರಗ್ಬಿಯಲ್ಲ. ನಮ್ಮ ಹುಡುಗರು ದಿನಾ ಯಂತ್ರಕ್ಕೆ ತಲೆ ಗುದ್ದುವುದಿಲ್ಲ. ಮಳೆ ಮುಗಿದ ಮೇಲೆ ಶುರುವಾಗುವ ಆಟ ಮೇ ತಿಂಗಳ ಹೊತ್ತಿಗೆ ಮುಗಿಯುತ್ತದೆ. ಒಟ್ಟು ಪೆಟ್ಟಿನ ಲೆಕ್ಕ ಥಾಂಪ್ಸನ್ ಅವರದ್ದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಕಬಡ್ಡಿ ಆಡಿದರೆ ಮರೆವಿನ ಕಾಯಿಲೆ ಬರುತ್ತದೆ ಅಂತ ಯಾರಾದರೂ ಈ ಬರಹ ತೋರಿಸಿ ಮಗನನ್ನು ಮನೆಯಲ್ಲಿ ಕೂರಿಸಿದರೆ ನನಗೆ ಬೇಸರ. ಆಡಲಿ, ಚೆನ್ನಾಗಿ ಆಡಲಿ.

ಆದರೆ ತಲೆಗೆ ಪೆಟ್ಟು ಬೀಳುವ ದಾರಿಗಳು ನಮ್ಮಲ್ಲೂ ಇವೆ. ಕಾರ್ನರ್‌ನಲ್ಲಿ, ಅಂದರೆ ಸಾಲಿನ ತುದಿಯಲ್ಲಿ, ನಿಂತವನು ಆ್ಯಂಕಲ್ ಹೋಲ್ಡ್‌ಗೆ, ಅಂದರೆ ಪಾದದ ಗಂಟು ಹಿಡಿಯಲು, ಹಾರುವಾಗ ಅವನ ತಲೆ ಇರುವುದು ರೇಡರ್‌ನ ಮೊಣಕಾಲಿನ ಮಟ್ಟದಲ್ಲಿ. ರೇಡರ್ ಕಾಲು ಝಾಡಿಸಿದರೆ ಮೊಣಕಾಲು ನೇರ ಕಪಾಳಕ್ಕೆ. ಎರಡೂ ಕವರ್‌ಗಳು, ಅಂದರೆ ಸಾಲಿನ ಒಳಜಾಗದಲ್ಲಿ ನಿಂತವರು, ಒಟ್ಟಿಗೆ ನುಗ್ಗಿದರೆ ಇಬ್ಬರ ತಲೆಗೆ ತಲೆ ಡಿಕ್ಕಿ. ಕೈಕೈ ಹಿಡಿದು ಚೈನ್ ಹಾಕಿ ಹಿಡಿದಾಗ ರೇಡರ್‌ನ ಕೈ ಎರಡೂ ಸಿಕ್ಕಿಕೊಂಡಿರುತ್ತವೆ. ಹಿಂದಕ್ಕೆ ಬಿದ್ದರೆ ಕೈ ಊರಲು ಆಗುವುದಿಲ್ಲ, ಹುಕರ್‌ನ ಹಾಗೆಯೇ. ಮತ್ತೆ ಡ್ಯಾಶ್, ಅಂದರೆ ರೇಡರ್‌ನನ್ನು ಗುದ್ದಿ ಹೊರಗೆ ತಳ್ಳುವುದು. ಲಾಬಿಯಾಚೆ, ಅಂದರೆ ಅಂಕಣದ ಪಕ್ಕದ ಪಟ್ಟಿಯಾಚೆ, ತಳ್ಳಿದಾಗ ಮ್ಯಾಟ್ ಮುಗಿದು ಗಟ್ಟಿ ನೆಲ ಇರುತ್ತದೆ. ಕೆಲವು ಕಡೆ ಜನ ಒಳಗೆ ಬರದಿರಲಿ ಅಂತ ಕಟ್ಟಿದ ಬೊಂಬು, ಮುಂದಿನ ಸಾಲಿನ ಕುರ್ಚಿ ಎರಡು ಹೆಜ್ಜೆ ದೂರದಲ್ಲೇ ಇರುತ್ತವೆ.

ಅಂಕೋಲಾ ಕಡೆಯ ಒಂದು ಊರಿನ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ನಾನು ಸ್ಕೋರ್ ಬರೆಯುವ ಮೇಜಿನ ಹತ್ತಿರ ಕೂತಿದ್ದೆ. ನಡುರಾತ್ರಿ ದಾಟಿತ್ತು. ಸೆಮಿಫೈನಲ್. ಕಾಲೇಜಿಗೆ ಹೋಗುವ ಒಬ್ಬ ಹುಡುಗ, ಎಡ ಕಾರ್ನರ್, ಕಾಲಿಗೆ ಹಾರಿದ. ಮೊಣಕಾಲು ತಲೆಯ ಪಕ್ಕಕ್ಕೆ ಬಡಿಯಿತು. ರೇಡರ್ ಔಟ್, ಜನರೆಲ್ಲ ಕೂಗಿದರು. ಹುಡುಗ ಎದ್ದ. ಎದ್ದು ಎದುರು ತಂಡದ ಅಂಕಣಕ್ಕೆ ಹೋಗಿ ಅವರ ಸಾಲಿನಲ್ಲಿ ನಿಂತ. ಜನ ನಕ್ಕರು. ಯಾರೋ ಕೈ ಹಿಡಿದು ಈಚೆ ತಂದರು. ತಲೆಗೆ ಒಂದು ಬಾಟಲಿ ನೀರು ಸುರಿದರು. 'ಏಳಾ ತಮಾ, ಏನೂ ಆಗ್ಲಿಲ್ಲ' ಅಂತ ಬೆನ್ನು ತಟ್ಟಿದರು. ನಾನು ಹತ್ತಿರ ಹೋಗಿ ಕೇಳಿದೆ. 'ಎಂತಾ ಆಗ್ಲಿಲ್ಲ ಸರ್, ಆಡ್ತೆ' ಅಂದ. ಇವನನ್ನು ಕೂರಿಸಿ ಅಂತ ಅವರ ಕೋಚ್‌ಗೆ ಹೇಳಿದೆ. 'ಕೂರಿಸಿದ್ರೆ ಆಡುವವರು ಯಾರು ಸರ್, ಬಂದದ್ದೇ ಏಳು ಜನ' ಅಂದರು. ಹುಡುಗ ಕೊನೆಯವರೆಗೂ ಆಡಿದ.

ದೊಡ್ಡ ಅನಾಹುತ ಆಗಲಿಲ್ಲ. ಆದರೆ ಆಮೇಲೆ ಅನೇಕ ದಿನ ತಲೆನೋವು. ಬೆಳಕು ನೋಡಿದರೆ ಕಣ್ಣು ಚುಚ್ಚುತ್ತಿತ್ತು. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಇಂಟರ್ನಲ್ ಪರೀಕ್ಷೆ ಕೆಟ್ಟಿತು. ಸೋಮಾರಿತನ ಅಂತ ಮನೆಯಲ್ಲಿ ಬೈಸಿಕೊಂಡ. ಯಾಕೆಂದರೆ ಪೆಟ್ಟು ಬಿದ್ದದ್ದನ್ನು ಮನೆಯಲ್ಲಿ ಹೇಳಿರಲೇ ಇಲ್ಲ.

ಆ ರಾತ್ರಿ ಅಲ್ಲಿದ್ದ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಕೋಚ್ ಆ ಹುಡುಗನಿಗೆ ತನ್ನ ದುಡ್ಡಲ್ಲಿ ಶೂ ಕೊಡಿಸಿದವರು. ಆಯೋಜಕರು ಊರೂರು ತಿರುಗಿ ವಂತಿಗೆ ಎತ್ತಿದವರು. ಆದರೂ ಅಷ್ಟು ಜನರಲ್ಲಿ 'ಇವನು ಇವತ್ತು ಆಡುವುದಿಲ್ಲ' ಅಂತ ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಸ್ಕ್ರಮ್ ಅಭ್ಯಾಸದಲ್ಲಿ ಥಾಂಪ್ಸನ್ ಎಚ್ಚರ ತಪ್ಪಿ ಬಿದ್ದಾಗಲೂ ಸುತ್ತ ನಿಂತವರು ಅವರ ಗೆಳೆಯರೇ.

ಇನ್ನೊಂದು ಅಪಾಯ ಇದಕ್ಕಿಂತ ತುರ್ತಿನದು. ಮೊದಲ ಪೆಟ್ಟಿನಿಂದ ಮಿದುಳು ಚೇತರಿಸಿಕೊಳ್ಳುವ ಮೊದಲೇ ಎರಡನೆಯದು ಬಿದ್ದರೆ, ಮಿದುಳು ಒಮ್ಮೆಲೇ ಊದಿಕೊಂಡು ಪ್ರಾಣವೇ ಹೋಗಬಹುದು. ಅಪರೂಪ, ಆದರೆ ಹದಿಹರೆಯದವರಲ್ಲೇ ಜಾಸ್ತಿ. 2011ರಲ್ಲಿ ಉತ್ತರ ಐರ್ಲೆಂಡಿನಲ್ಲಿ 14 ವರ್ಷದ ಶಾಲಾ ಹುಡುಗನೊಬ್ಬ ರಗ್ಬಿ ಪಂದ್ಯದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪೆಟ್ಟು ತಿಂದು, ಆಡುತ್ತಲೇ ಇದ್ದು, ಕುಸಿದು ತೀರಿಕೊಂಡ. ಅವನ ತಂದೆ ತಾಯಿಯ ಹೋರಾಟದಿಂದಲೇ ಅಲ್ಲಿಯ ಶಾಲೆಗಳಿಗೆ ಹೊಸ ಸೂಚನೆಗಳು ಬಂದವು.

ಯಾರು ತೀರ್ಮಾನಿಸಬೇಕು

ಟಿವಿಯಲ್ಲಿ ರಗ್ಬಿ ನೋಡಿದ ಒಬ್ಬ ಕೋಚ್ ನನಗೆ ಹೇಳಿದ್ದರು, ಅವರ ಹಾಗೆ ನಾವೂ ಹತ್ತು ನಿಮಿಷ ಪರೀಕ್ಷೆ ಮಾಡಿ ವಾಪಸ್ ಕಳಿಸೋಣ ಅಂತ. ಇದು ನಮಗೆ ಸಲ್ಲದು. ಆ ಪರೀಕ್ಷೆ ನಡೆಯುವುದು ತರಬೇತಾದ ವೈದ್ಯರು, ಪ್ರತಿ ಕೋನದ ವಿಡಿಯೊ, ಆಟಗಾರನ ಹಳೆಯ ದಾಖಲೆ ಎಲ್ಲ ಇರುವ ಕಡೆ. ರಗ್ಬಿಯಲ್ಲೇ ಶಾಲೆ ಮತ್ತು ಊರ ಕ್ಲಬ್ಬುಗಳಿಗೆ ಆ ಪರೀಕ್ಷೆ ಇಲ್ಲ. ಅಲ್ಲಿ ನಿಯಮ ಒಂದೇ: ಅನುಮಾನ ಬಂದರೆ ಹೊರಗೆ, ಆ ದಿನ ಮತ್ತೆ ಒಳಗಿಲ್ಲ. ನಾವು ಎತ್ತಿಕೊಳ್ಳಬೇಕಾದದ್ದು ಇದನ್ನು.

ಅನುಮಾನ ಬರುವುದು ಹೇಗೆ? ತಡವರಿಸುವುದು, ತಲೆ ಹಿಡಿದುಕೊಳ್ಳುವುದು, ವಾಂತಿ, ಕಣ್ಣು ಮಂಜು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಖಾಲಿ ನೋಟ. ಇದರ ಜೊತೆ ಆಸ್ಟ್ರೇಲಿಯಾದ ಮ್ಯಾಡಕ್ಸ್ ಎಂಬುವರು ರೂಪಿಸಿದ ಐದು ಪ್ರಶ್ನೆಗಳಿವೆ. ಹೆಸರೇನು, ಇವತ್ತು ಯಾವ ವಾರ ಅಂತ ಕೇಳಿದರೆ ಪೆಟ್ಟಾದವನೂ ಸರಿಯಾಗಿ ಹೇಳಿಬಿಡಬಹುದು. ಈಗಷ್ಟೇ ನಡೆದದ್ದನ್ನು ಕೇಳಬೇಕು. ನಮ್ಮ ಕಬಡ್ಡಿಗೆ ಹೊಂದಿಸಿದರೆ ಹೀಗಾಗುತ್ತದೆ. ನಾವೀಗ ಯಾವ ಊರಿನಲ್ಲಿ ಆಡ್ತಾ ಇದ್ದೇವೆ? ಇದು ಮೊದಲ ಹಾಫಾ, ಎರಡನೆಯದಾ? ಕೊನೆಯ ಪಾಯಿಂಟ್ ಯಾರು ತಂದರು? ಹಿಂದಿನ ಮ್ಯಾಚ್ ಯಾರ ಜೊತೆ ಇತ್ತು? ಗೆದ್ದೆವಾ, ಸೋತೆವಾ? ಒಂದು ತಪ್ಪಿದರೂ ಹೊರಗೆ. ಐದೂ ಸರಿ ಹೇಳಿದ ಅಂತ ಒಳಗೆ ಕಳಿಸಲು ಇದನ್ನು ಬಳಸಬಾರದು. ಎದ್ದು ತಡವರಿಸಿದವನಿಗೆ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ.

ಕೇಳುವವರು ಯಾರು ಅನ್ನುವುದು ಪಂದ್ಯಾವಳಿ ಶುರುವಾಗುವ ಮೊದಲೇ ಗೊತ್ತಾಗಬೇಕು. ಆಡುವ ಎರಡೂ ತಂಡಕ್ಕೆ ಸಂಬಂಧ ಇಲ್ಲದ ಒಬ್ಬರು. ಬೇರೆ ಊರಿನ ದೈಹಿಕ ಶಿಕ್ಷಕರಾಗಬಹುದು, ಊರಿನ ನರ್ಸ್ ಆಗಬಹುದು. ಟೀಮ್ ಎಂಟ್ರಿ ಬರೆಸುವಾಗಲೇ ನಾಯಕರಿಗೆ ಹೇಳಬೇಕು: ತಲೆಯ ವಿಷಯದಲ್ಲಿ ಇವರ ಮಾತೇ ಕೊನೆ. ಮೈಕಿನಲ್ಲೂ ಒಮ್ಮೆ ಹೇಳಬೇಕು. ಸೆಮಿಫೈನಲ್‌ನ ಬಿಸಿಯಲ್ಲಿ ಹೊಸ ನಿಯಮ ತಂದರೆ ಜಗಳವೇ ಆಗುತ್ತದೆ.

ಏಳೇ ಜನ ಬಂದ ತಂಡದ ಮಾತು ನನ್ನನ್ನು ಬಹಳ ಕಾಡಿದೆ. ನಿಯಮದ ಪ್ರಕಾರ ಏಳು ಜನ ಒಳಗೆ, ಐದು ಜನ ಹೊರಗೆ ಇರಬಹುದು. ಆದರೆ ಒಂದು ಟೆಂಪೋದಲ್ಲಿ, ಮೂರು ನಾಲ್ಕು ಬೈಕಿನಲ್ಲಿ ಬರುವ ನಮ್ಮ ತಂಡಗಳಿಗೆ ಹನ್ನೆರಡು ಜನ ಎಲ್ಲಿಂದ? ಒಬ್ಬನನ್ನು ಕೂರಿಸಿದರೆ ಉಳಿದ ಆರು ಜನಕ್ಕೆ ಶಿಕ್ಷೆ. ಕ್ರಿಕೆಟ್ ಇದಕ್ಕೊಂದು ದಾರಿ ಕಂಡುಕೊಂಡಿದೆ. 2019ರ ಆಗಸ್ಟ್‌ನಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತಲೆಗೆ ಪೆಟ್ಟಾದವನ ಬದಲಿಗೆ ಇನ್ನೊಬ್ಬ ಪೂರ್ತಿ ಆಡಬಹುದು. 2020ರಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜಾ ಬದಲಿಗೆ ಬಂದ ಚಾಹಲ್ ಮೂರು ವಿಕೆಟ್ ತೆಗೆದದ್ದು ಎಲ್ಲರಿಗೂ ನೆನಪಿರಬಹುದು. ಊರ ಪಂದ್ಯಾವಳಿಯಲ್ಲೂ ಆಯೋಜಕರು ಇದನ್ನು ಮಾಡಬಹುದು. ಆಗಲೇ ಸೋತು ಹೊರಬಿದ್ದ ತಂಡದಿಂದ ಒಬ್ಬನನ್ನು ತಲೆಪೆಟ್ಟಿನ ಬದಲಿಗೆ ತೆಗೆದುಕೊಳ್ಳಲು ಬಿಡಬಹುದು. ದುರುಪಯೋಗ ಆಗುತ್ತದೆ ಅನ್ನುತ್ತಾರೆ. ಆಗಬಹುದು. ಆದರೆ ಹೊರಗೆ ಹೋದವನು ಆ ರಾತ್ರಿ ಮತ್ತೆ ಆಡುವಂತಿಲ್ಲ ಅಂದರೆ ಒಳ್ಳೆಯ ಆಟಗಾರನನ್ನು ಸುಮ್ನೆ ಯಾರು ಹೊರಗೆ ಕಳಿಸುತ್ತಾರೆ?

ಆಮೇಲಿನದ್ದು ಮನೆಗೆ ಹೋಗುವ ದಾರಿ. ತಲೆಗೆ ಪೆಟ್ಟಾದವನು ಆ ರಾತ್ರಿ ಬೈಕ್ ಹೊಡೆಯಲೇಬಾರದು. ನಮ್ಮ ಹುಡುಗರು ರಾತ್ರಿ ಎರಡು ಗಂಟೆಗೆ ಹೆದ್ದಾರಿ 66ರ ಲಾರಿಗಳ ನಡುವೆ ಮನೆಗೆ ಹೋಗುವವರು. ಕುಡಿಯಬಾರದು. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು. ಒಂದು ದಿನ ಒಂಟಿಯಾಗಿ ಬಿಡಬಾರದು. ಮನೆಯವರಿಗೆ ಕೋಚೇ ಫೋನ್ ಮಾಡಿ ಹೇಳಬೇಕು, ಹುಡುಗ ಹೇಳುವುದಿಲ್ಲ.

ಕಾಯಲೇಬಾರದ ಲಕ್ಷಣಗಳು ಬೇರೆ ಇವೆ. ತಲೆನೋವು ಏರುತ್ತ ಹೋಗುವುದು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಕೈಕಾಲು ಜೋಮು ಅಥವಾ ಶಕ್ತಿ ಇಲ್ಲದಿರುವುದು, ಕುತ್ತಿಗೆ ನೋವು, ಎರಡೆರಡಾಗಿ ಕಾಣುವುದು, ಎಬ್ಬಿಸಿದರೂ ಏಳದಂಥ ಮಂಪರು. ಇದರಲ್ಲಿ ಒಂದಿದ್ದರೂ ಬೆಳಗಾಗಲಿ ಅನ್ನಬಾರದು. ಕುತ್ತಿಗೆ ನೋವಿದ್ದರೆ ಎತ್ತಿ ಕೂರಿಸಬಾರದು, ಮಲಗಿದ್ದಲ್ಲೇ ಬಿಟ್ಟು 108ಕ್ಕೆ ಕರೆ ಮಾಡಬೇಕು. ಈ ಜಿಲ್ಲೆಯವರಿಗೆ ದೂರದ ಕಷ್ಟ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೂಗಿದ್ದು ಇದಕ್ಕೇ. ಮಿದುಳಿನ ಆಪರೇಷನ್ ಅಂದರೆ ಇಲ್ಲಿಯವರು ಇವತ್ತಿಗೂ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾದ ಬಾಂಬೋಳಿ ಕಡೆ ಮುಖ ಮಾಡುತ್ತಾರೆ. ಅರೆಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಸೇರಲು ಗಂಟೆಗಳೇ ಬೇಕು. ಹಾಗಾಗಿ ನಾವು ಬೇರೆಯವರಿಗಿಂತ ಮೊದಲೇ ಹೊರಡಬೇಕು.

ಮತ್ತೆ ಆಡುವುದು ಯಾವಾಗ? ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಕಡಿಮೆ. ಆಮೇಲೆ ನಡಿಗೆ, ಹಗುರ ಓಟ. ಅದರಲ್ಲಿ ತಲೆನೋವು ಬರದಿದ್ದರೆ ಫುಟ್‌ವರ್ಕ್, ಆಮೇಲೆ ವೈದ್ಯರು ಒಪ್ಪಿದರೆ ಹಿಡಿತದ ಅಭ್ಯಾಸ. ಊರ ಮಟ್ಟದ ಎಲ್ಲ ಆಟಗಳಿಗೂ ಬ್ರಿಟನ್ 2023ರಲ್ಲಿ ಕೊಟ್ಟ ಸೂಚನೆ ಹೇಳುವುದು, ಪಂದ್ಯಕ್ಕೆ ಇಳಿಯಲು ಕಡಿಮೆ ಅಂದರೂ 21 ದಿನ ಆಗಬೇಕು ಅಂತ. ಅಂದರೆ ನಮ್ಮಲ್ಲಿ ಮೂರು ಶನಿವಾರದ ಪಂದ್ಯಾವಳಿ ತಪ್ಪುತ್ತದೆ. ಒಳ್ಳೆಯ ಆಟಗಾರ ಒಂದೇ ತಂಡಕ್ಕೆ ಆಡುವುದಿಲ್ಲ ಅನ್ನುವುದೇ ಇಲ್ಲಿಯ ದೊಡ್ಡ ತೊಡಕು. ಅಂಕೋಲಾದಲ್ಲಿ ಪೆಟ್ಟು ತಿಂದವನನ್ನು ಮುಂದಿನ ವಾರ ಕುಮಟಾದ ತಂಡ ಕರೆಯುತ್ತದೆ, ಅದರ ಮುಂದಿನ ವಾರ ಹೊನ್ನಾವರದ್ದು. ಅಲ್ಲಿಯ ಕೋಚ್‌ಗೆ ಏನೂ ಗೊತ್ತಿರುವುದಿಲ್ಲ, ಹುಡುಗ ಬಾಯಿ ಬಿಡುವುದಿಲ್ಲ. ಕೋಚ್‌ಗಳ, ಆಯೋಜಕರ ವಾಟ್ಸ್ಆ್ಯಪ್ ಗುಂಪುಗಳು ಪ್ರತಿ ತಾಲೂಕಿನಲ್ಲೂ ಇವೆ. ಹುಡುಗನಿಗೂ ಮನೆಯವರಿಗೂ ಹೇಳಿ, ಅಲ್ಲಿ ಎರಡೇ ವಿಷಯ ಹಾಕಿದರೆ ಸಾಕು: ಅವನ ಹೆಸರು, ಯಾವ ತಾರೀಕಿನವರೆಗೆ ಆಡಿಸಬಾರದು ಅನ್ನುವುದು.